ಮೂರು ಮದ್ದು, ಎರಡು ತೋಟಾ: ಟೈಟ್‌ಗ್ರೂಪ್, ಎಚ್‌ಪಿ-38, ಯೂನೀಕ್

ಅರಿಝೋನಾದ ಚಾಂಡ್ಲರ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ, ಮರದ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ತೋಟಾ ತುಂಬುವ ಪ್ರೆಸ್ಸಿನ ಮುಂದೆ ಕುಳಿತು, ಆರು ವರ್ಷಗಳಿಂದ ನನ್ನ ಖಾಲಿ ತೋಟಾಗಳನ್ನು ನಾನೇ ಮರಳಿ ತುಂಬಿಕೊಳ್ಳುತ್ತಿದ್ದೇನೆ. ತುಂಬುವುದು ಎರಡೇ ಬಗೆಯವು: ಪಿಸ್ತೂಲಿಗೆ 9 ಮಿ.ಮೀ. ಲೂಗರ್, ರಿವಾಲ್ವರಿಗೆ .38 ಸ್ಪೆಷಲ್. ಇಷ್ಟು ವರ್ಷ ಎರಡಕ್ಕೂ ಅಂಗಡಿಯಲ್ಲಿ ಸಿಕ್ಕ ಕೋವಿಮದ್ದನ್ನು ತಂದು ಕೆಲಸ ಸಾಗಿಸುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಮೂರು ಡಬ್ಬಿಗಳು ಒಟ್ಟಿಗೆ ಕೈಸೇರಿದ್ದರಿಂದ, ಅವುಗಳನ್ನು ಒಂದೇ ಪ್ರೆಸ್ಸು, ಒಂದೇ ಅಳತೆಯಂತ್ರ, ಒಂದೇ ಜೋಡಿ ಕೋವಿಗಳಲ್ಲಿ ಪಕ್ಕಪಕ್ಕಕ್ಕಿಟ್ಟು ನೋಡುವ ಮನಸ್ಸಾಯಿತು. ಟೈಟ್‌ಗ್ರೂಪ್, ಎಚ್‌ಪಿ-38 ಮತ್ತು ಯೂನೀಕ್ ಎಂಬ ಈ ಮೂರೂ ಅಮೆರಿಕದ ಕೈಕೋವಿಗಾರರಿಗೆ ಚಿರಪರಿಚಿತ ಹೆಸರುಗಳು.

ಮೊದಲಿಗೆ ಕಾನೂನಿನ ಮಾತು. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಪರವಾನಗಿ ಬೇಕಿಲ್ಲ. ಮಾರುವ ವ್ಯವಹಾರಕ್ಕೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಬರೆದಿರುವುದು ಅಮೆರಿಕದ ನೆಲಕ್ಕೆ ಮಾತ್ರ ಸಲ್ಲುತ್ತದೆ. ಯಾವ ಗುಂಡಿಗೆ ಎಷ್ಟು ಮದ್ದು ಎಂಬ ಅಂಕಿಯನ್ನು ನಾನು ಬೇಕೆಂದೇ ಕೊಡುತ್ತಿಲ್ಲ. ಅದನ್ನು ಮದ್ದಿನ ತಯಾರಕರು ಪ್ರಕಟಿಸುವ ಕೋಷ್ಟಕದಿಂದಲೇ ತೆಗೆದುಕೊಳ್ಳಬೇಕು ಮತ್ತು ಅದರ ಆರಂಭಿಕ ಅಳತೆಯಿಂದಲೇ ಹತ್ತಬೇಕು. ನಾನು ಮಾಡಿದ್ದೂ ಹಾಗೆಯೇ.

ಮದ್ದನ್ನು ಆರಿಸುವ ಮುನ್ನ ಅದು ಕೂರುವ ಜಾಗವನ್ನು ನೋಡಬೇಕಾಗುತ್ತದೆ. 9 ಮಿ.ಮೀ. ತೋಟಾ 1902ರಲ್ಲಿ ಹೊಗೆರಹಿತ ಮದ್ದಿಗೆಂದೇ ಹುಟ್ಟಿದ್ದು; ಮೈ ಗಿಡ್ಡ, ಒಳಗಿನ ಜಾಗ ಕಡಿಮೆ, ಒತ್ತಡದ ಗರಿಷ್ಠ ಮಿತಿ ಚದರ ಅಂಗುಲಕ್ಕೆ 35,000 ಪೌಂಡು. .38 ಸ್ಪೆಷಲ್ 1898ರದ್ದು, ಕರಿಮದ್ದಿನ ಕಾಲದ ಕೂಸು. ಅದರ ಹಿತ್ತಾಳೆಯ ಕೋಶ ಉದ್ದವಾಗಿದ್ದು, ಒತ್ತಡದ ಮಿತಿ 17,000 ಪೌಂಡು ಮಾತ್ರ. ಕರಿಮದ್ದಿನಿಂದ ಭರ್ತಿ ತುಂಬಲೆಂದು ಮಾಡಿದ ಆ ಕೋಶಕ್ಕೆ ಇಂದಿನ ಮದ್ದನ್ನು ಹಾಕಿದರೆ ಹಂಡೆಯ ತಳದಲ್ಲಿ ಒಂದು ಚೊಂಬು ನೀರು ಹುಯ್ದ ಹಾಗೆ ಕಾಣುತ್ತದೆ. ಈ ಖಾಲಿ ಜಾಗವೇ ಮುಂದಿನ ತಕರಾರುಗಳಿಗೆಲ್ಲ ಮೂಲ.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಬಳಿ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಕೇಪಿನ ಕೋವಿಯಿತ್ತು. ಅವರು ಬಿದಿರಿನ ಅಂಡೆಯೊಂದರಲ್ಲಿ ಮದ್ದನ್ನು ಅಳೆದು, ಬೆರಳಲ್ಲಿ ಒರೆಸಿ, ನಳಿಗೆಗೆ ಸುರಿಯುತ್ತಿದ್ದರು. ತಕ್ಕಡಿಯ ಪ್ರಶ್ನೆಯೇ ಇರಲಿಲ್ಲ. ನನ್ನ ಮೇಜಿನ ಮೇಲೆ ಆ ಉದಾರತೆ ನಡೆಯದು. ಒಂದು ಕೈಕೋವಿ ತೋಟಾಕ್ಕೆ ಬೀಳುವ ಮದ್ದು ಸುಮಾರು ಎರಡು-ಎರಡೂವರೆ ಗುಲಗಂಜಿಯ ತೂಕದ್ದು. ಅದರಲ್ಲಿ ಗ್ರೇನಿನ ಹತ್ತನೇ ಒಂದು ಭಾಗ, ಅಂದರೆ ಆರೂವರೆ ಮಿಲಿಗ್ರಾಂ ಹೆಚ್ಚುಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ.

ಮೂರು ಮದ್ದುಗಳ ಕುಲಗೋತ್ರವನ್ನು ಚಿಕ್ಕದಾಗಿ ಹೇಳುತ್ತೇನೆ. ಯೂನೀಕ್ 1900ರ ಹೊತ್ತಿಗೆ ಬಂದ ಹಳೆಯ ಮದ್ದು. ಬಹುಕಾಲ ಹರ್ಕ್ಯುಲಿಸ್ ಹೆಸರಿನಲ್ಲಿ ಮಾರಾಟವಾಗಿ ಈಗ ಅಲಯಂಟ್ ಹೆಸರಿನಲ್ಲಿ ಬರುತ್ತದೆ. ಅದರ ಕಣಗಳು ರಾಗಿ ಹೊಟ್ಟಿನಂತೆ ಚಪ್ಪಟೆ. ಎಚ್‌ಪಿ-38 ಗುಂಡುಗುಂಡಾಗಿ ಮಾಡಿ ಅನಂತರ ತುಸು ಅಮುಕಿದ ಮದ್ದು. ವಿಂಚೆಸ್ಟರ್ 231 ಎಂಬ ಹೆಸರಿನಲ್ಲಿ ಸಿಗುವುದೂ ಇದೇ. ಎರಡನ್ನೂ ಈಗ ಹಾಜ್ಡನ್ ಕಂಪನಿಯೇ ಮಾರುತ್ತದೆ, ಹಾಗಾಗಿ ಕಪಾಟಿನಲ್ಲಿ ಎರಡೂ ಇದ್ದರೆ ಬೆಲೆ ಕಡಿಮೆಯಿದ್ದದ್ದನ್ನು ಎತ್ತಿಕೊಳ್ಳಬಹುದು. ಟೈಟ್‌ಗ್ರೂಪ್ ಕೂಡ ಹಾಜ್ಡನ್ನಿನದೇ, ದುಂಡು ಜಾತಿಯದೇ. ಆದರೆ ಹೆಚ್ಚು ಸಾಂದ್ರ, ಹೆಚ್ಚು ಚುರುಕು. ದೊಡ್ಡ ಕೋಶದಲ್ಲಿ ಮದ್ದು ಎಲ್ಲಿ ಒರಗಿದ್ದರೂ ಒಂದೇ ರೀತಿ ಉರಿಯಬೇಕು ಎಂಬ ಗುರಿಯಿಂದ ಮಾಡಿದ್ದು. ಮೂರರಲ್ಲೂ ನೈಟ್ರೋಸೆಲ್ಯುಲೋಸಿನ ಜೊತೆಗೆ ನೈಟ್ರೋಗ್ಲಿಸರಿನ್ ಇದೆ. ಉರಿಯುವ ವೇಗದಲ್ಲಿ ಟೈಟ್‌ಗ್ರೂಪ್ ಮುಂದೆ, ಎಚ್‌ಪಿ-38 ನಡುವೆ, ಯೂನೀಕ್ ಹಿಂದೆ.

ಮೊದಲ ಪರೀಕ್ಷೆ ಅಳತೆಯಂತ್ರದ್ದು. ಹಿಡಿಕೆ ಎಳೆದಾಗಲೆಲ್ಲ ಒಂದು ಪಾಲು ಮದ್ದನ್ನು ಬೀಳಿಸುವ ಈ ಯಂತ್ರ ಗಾತ್ರವನ್ನು ಅಳೆಯುತ್ತದೆಯೇ ಹೊರತು ತೂಕವನ್ನಲ್ಲ. ಪ್ರತಿಯೊಂದು ಮದ್ದನ್ನೂ ಮೂವತ್ತು ಸಲ ಬೀಳಿಸಿ ತೂಗಿದೆ. ಎರಡು ದುಂಡು ಮದ್ದುಗಳು ಮರಳಿನಂತೆ ಜಾರಿದವು. ಹೆಚ್ಚೆಂದರೆ ಗ್ರೇನಿನ ಹತ್ತನೇ ಒಂದು ಭಾಗದ ಏರುಪೇರು. ಯೂನೀಕ್ ಹಾಗಲ್ಲ. ಅದರ ಚಪ್ಪಟೆ ಕಣಗಳು ಒಂದರ ಮೇಲೊಂದು ಒರಗಿ ಕೊಳವೆಯಲ್ಲಿ ಕ್ಷಣಕಾಲ ಸೇತುವೆ ಕಟ್ಟಿ, ಆಮೇಲೆ ಕುಸಿಯುತ್ತವೆ. ಹಿಡಿಕೆ ಎಳೆಯುವಾಗ ಕರಕರ ಎಂದು ಕಣ ಕತ್ತರಿಸುವ ಸದ್ದು ಕೈಗೇ ತಿಳಿಯುತ್ತದೆ. ಮೂವತ್ತರಲ್ಲಿ ನಾಲ್ಕೈದು ಪಾಲುಗಳು ಎರಡು ಹತ್ತಾಂಶದಷ್ಟು ಆಚೀಚೆ ಹೋದವು. ಪ್ರತಿ ಸಲವೂ ಹಿಡಿಕೆಯನ್ನು ಒಂದೇ ರಭಸದಲ್ಲಿ ಎಳೆದು, ಕೊನೆಯಲ್ಲಿ ಬೆರಳಿನಿಂದ ಒಮ್ಮೆ ತಟ್ಟುವ ಅಭ್ಯಾಸ ಮಾಡಿಕೊಂಡ ಮೇಲೆ ಸುಧಾರಿಸಿತಾದರೂ ದುಂಡು ಮದ್ದಿನ ಸಮಕ್ಕೆ ಬರಲಿಲ್ಲ.

ಎರಡನೆಯದು ಒರಗುವ ಪರೀಕ್ಷೆ, ಇದು .38ಕ್ಕೆ ಮಾತ್ರ. ಫೀನಿಕ್ಸ್ ನಗರದ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ರೇಂಜಿಗೆ ರೇಡಾರ್ ವೇಗಮಾಪಕವನ್ನು ಒಯ್ದು, ಒಂದೊಂದೇ ತೋಟಾ ಹಾಕಿಕೊಂಡು ಹೊಡೆದೆ. ಮೊದಲು ರಿವಾಲ್ವರಿನ ಮೂತಿಯನ್ನು ಮುಂದಿನ ನೆಲದತ್ತ ಇಳಿಸಿ, ನಿಧಾನವಾಗಿ ಗುರಿಗೆ ಎತ್ತಿ ಐದು ಈಡು. ಆಗ ಮದ್ದು ಗುಂಡಿನ ಬುಡಕ್ಕೆ ಸರಿದಿರುತ್ತದೆ. ಅನಂತರ ಮೂತಿಯನ್ನು ಎದುರಿನ ಮಣ್ಣಿನ ದಿಬ್ಬದ ಮೇಲಂಚಿನ ಕೆಳಗಿನವರೆಗೆ ಎತ್ತಿ, ಗುರಿಗೆ ಇಳಿಸಿ ಐದು ಈಡು. ಆಗ ಮದ್ದು ಪ್ರೈಮರಿನ ಕಡೆ, ಅಂದರೆ ನಮ್ಮವರು ಕೇಪು ಎನ್ನುವುದರ ಕಡೆ ಕೂತಿರುತ್ತದೆ. ಎಚ್‌ಪಿ-38ರಲ್ಲಿ ಈ ಎರಡು ಸ್ಥಿತಿಗಳ ನಡುವೆ ಸರಾಸರಿ ವೇಗ ಸೆಕೆಂಡಿಗೆ ಎಪ್ಪತ್ತು ಅಡಿಗಳಷ್ಟು ಬದಲಾಯಿತು. ಯೂನೀಕ್‌ನಲ್ಲಿ ಸುಮಾರು ಐವತ್ತು. ಟೈಟ್‌ಗ್ರೂಪ್‌ನಲ್ಲಿ ಇಪ್ಪತ್ತನ್ನೂ ಮುಟ್ಟಲಿಲ್ಲ. ಡಬ್ಬಿಯ ಮೇಲಿನ ಹೊಗಳಿಕೆಯನ್ನು ಸಾಮಾನ್ಯವಾಗಿ ನಂಬದವನು ನಾನು, ಇಲ್ಲಿ ನಂಬಬೇಕಾಯಿತು. ಕಾಗದದ ಮೇಲೂ ಟೈಟ್‌ಗ್ರೂಪ್‌ನ ಗುಂಡಿನ ತೂತುಗಳ ಗುಂಪೇ ಬಿಗಿಯಾಗಿತ್ತು. 9 ಮಿ.ಮೀ.ನಲ್ಲಿ ಮದ್ದು ಅಲುಗಾಡಲು ಹೆಚ್ಚು ಜಾಗವಿಲ್ಲದ್ದರಿಂದ ಕಾಗದದ ಮೇಲೆ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಂಕಿಗಳನ್ನಷ್ಟೇ ನೋಡಿದರೆ .38ಕ್ಕೆ ಟೈಟ್‌ಗ್ರೂಪ್ ಎಂದು ಬರೆದು ಲೇಖನಿ ಕೆಳಗಿಡಬಹುದಾಗಿತ್ತು. ಹಾಗೆ ಬರೆಯದಂತೆ ಮಾಡಿದ್ದು ಫೆಬ್ರವರಿಯ ಒಂದು ಸಂಜೆ.

ಐವತ್ತು ಕುಳಿಗಳ ಹಲಗೆಯಲ್ಲಿ .38 ಕೋಶಗಳನ್ನು ಸಾಲಾಗಿ ನಿಲ್ಲಿಸಿ ಟೈಟ್‌ಗ್ರೂಪ್ ತುಂಬುತ್ತಿದ್ದೆ. ಮೂರನೆಯ ಸಾಲಿನ ನಡುವೆ ಊರಿನಿಂದ ಅಮ್ಮನ ಫೋನು ಬಂತು. ಎರಡು ನಿಮಿಷ ಮಾತಾಡಿ ಬಂದು, ಬಿಟ್ಟಲ್ಲಿಂದ ಮುಂದುವರಿಸಿದೆ ಎಂದುಕೊಂಡೆ. ಹಲಗೆ ಮುಗಿದ ಮೇಲೆ ಟಾರ್ಚು ಹಿಡಿದು ಪ್ರತಿ ಕೋಶದ ಒಳಗೆ ಇಣುಕುವುದು ನನ್ನ ರೂಢಿ. ಇಣುಕಿದಾಗ ಎಲ್ಲವೂ ಸರಿಯಾಗಿದ್ದಂತೆ ಕಂಡಿತು: ಆಳದ ಬಾವಿಯ ತಳದಲ್ಲಿ ಬೂದುಬಣ್ಣದ ತೆಳುವಾದ ಒಂದು ಪದರ. ಆದರೂ ಮನಸ್ಸು ಒಪ್ಪದೆ ಆ ಸಾಲಿನ ಹತ್ತನ್ನೂ ಒಂದೊಂದಾಗಿ ತಕ್ಕಡಿಯ ಬಟ್ಟಲಿಗೆ ಸುರಿದೆ. ಆರನೆಯದರಲ್ಲಿ ಕರಾರುವಾಕ್ಕಾಗಿ ಎರಡು ಪಾಲು ಮದ್ದಿತ್ತು. ಅದನ್ನು ನೋಡಿ ಬೆನ್ನು ತಣ್ಣಗಾಯಿತು. ವೇಗದ ಮದ್ದು ಎರಡು ಪಾಲು ಬಿದ್ದರೆ ಒತ್ತಡ ಎರಡು ಪಟ್ಟಿಗೆ ನಿಲ್ಲುವುದಿಲ್ಲ. ಅದಕ್ಕಿಂತ ಬಹಳ ಮೇಲಕ್ಕೆ ಹಾರುತ್ತದೆ. ರಿವಾಲ್ವರಿನಲ್ಲಿ ತೋಟಾಗಳು ಕೂರುವ ತಿರುಗುಗೂಡು ಸೀಳಿ ಅದರ ಮೇಲಿನ ಪಟ್ಟಿ ಕಿತ್ತುಹೋಗುವುದು ಹೀಗೆಯೇ. ತಪ್ಪು ಪೂರ್ತಿ ನನ್ನದು, ಮದ್ದಿನದಲ್ಲ. ಫೋನು ಬಂದಾಗ ಕೈ ಬಿಟ್ಟ ಜಾಗಕ್ಕೆ ಒಂದು ಗುರುತಾದರೂ ಇಡಬೇಕಿತ್ತು. ಆದರೆ ನನ್ನ ತಪ್ಪನ್ನು ನನ್ನ ಕಣ್ಣಿಗೆ ತೋರಿಸಿಕೊಡುವ ಗುಣ ಆ ಮದ್ದಿನಲ್ಲಿ ಇರಲಿಲ್ಲ.

ಮರುದಿನ ಅದನ್ನೇ ಒಂದು ಪರೀಕ್ಷೆಯಾಗಿ ಮಾಡಿದೆ. ಪ್ರೈಮರ್ ಹಾಕದ ಕೋಶಗಳಿಗೆ ತಳದಲ್ಲಿ ಟೇಪು ಅಂಟಿಸಿ, ಮೂರೂ ಮದ್ದುಗಳ ಒಂದೊಂದು ಪಾಲು, ಎರಡೆರಡು ಪಾಲು ಸುರಿದು ಪಕ್ಕಪಕ್ಕಕ್ಕೆ ನಿಲ್ಲಿಸಿದೆ. 9 ಮಿ.ಮೀ.ನಲ್ಲಿ ಎರಡು ಪಾಲು ಯೂನೀಕ್ ಕೋಶದ ಬಾಯಿ ಮೀರಿ ಮೇಜಿನ ಮೇಲೆ ಚೆಲ್ಲಿತು. ಎಚ್‌ಪಿ-38 ಅಂಚಿನ ಮಟ್ಟಕ್ಕೆ ಬಂದು ನಿಂತಿತು. ಅದರ ಮೇಲೆ ಗುಂಡು ಕೂರಿಸಲು ಹೊರಟರೆ ಯಾರಿಗಾದರೂ ಗೊತ್ತಾದೀತು. ಟೈಟ್‌ಗ್ರೂಪ್‌ನ ಎರಡು ಪಾಲು ಕೋಶದೊಳಗೇ ಉಳಿಯಿತು. .38ರಲ್ಲಿ ಮೂರರಲ್ಲಿ ಯಾವುದೂ ಚೆಲ್ಲುವುದಿಲ್ಲ, ಅಷ್ಟು ಜಾಗವಿದೆ. ಆದರೆ ಯೂನೀಕ್‌ನ ಒಂದು ಪಾಲು ಕೋಶದ ಮೂರನೇ ಒಂದು ಭಾಗಕ್ಕೂ, ಎರಡು ಪಾಲು ಮೂರನೇ ಎರಡು ಭಾಗಕ್ಕೂ ಬರುತ್ತದೆ. ಪಕ್ಕದ ಕೋಶಗಳ ನಡುವೆ ಅದು ಎದ್ದು ಕಾಣುತ್ತದೆ. ಒಂದೇ ತೂಕಕ್ಕೆ ಯೂನೀಕ್ ಟೈಟ್‌ಗ್ರೂಪ್‌ಗಿಂತ ಕಾಲುಭಾಗಕ್ಕೂ ಹೆಚ್ಚು ಜಾಗ ಹಿಡಿಯುತ್ತದೆ, ಮೇಲಾಗಿ ತುಸು ಹೆಚ್ಚು ತೂಕವನ್ನೇ ಬೇಡುತ್ತದೆ. ಎರಡೂ ಸೇರಿ ಅದನ್ನು ಕಣ್ಣಿಗೆ ಬೀಳುವ ಮದ್ದಾಗಿಸುತ್ತವೆ.

ಯೂನೀಕ್‌ನ ಕೊಳಕನ್ನು ಮುಚ್ಚಿಡಲಾರೆ. ಒತ್ತಡ ಕಡಿಮೆಯಿರುವ .38ರಲ್ಲಿ ಅದು ಪೂರ್ತಿ ಉರಿಯುವುದಿಲ್ಲ. ಐವತ್ತು ಈಡುಗಳ ಬಳಿಕ ಬೆರಳುಗಳು ಒಲೆಯ ಮುಂದೆ ಕೂತೆದ್ದವರ ಹಾಗೆ ಮಸಿಯಾಗುತ್ತವೆ. ನಳಿಗೆಯಲ್ಲಿ ಅರೆಬೆಂದ ಚಪ್ಪಟೆ ಕಣಗಳು ಉಳಿಯುತ್ತವೆ. ಒಮ್ಮೆ ಅಂಥದೊಂದು ಕಣ ಖಾಲಿ ತೋಟಾಗಳನ್ನು ಹೊರದಬ್ಬುವ ನಕ್ಷತ್ರಾಕಾರದ ಬಿಲ್ಲೆಯ ಅಡಿಗೆ ಸೇರಿ ತಿರುಗುಗೂಡು ಬಿಗಿದುಕೊಂಡಿತು. ಖಾಲಿ ತೋಟಾಗಳನ್ನು ಹೊರಹಾಕುವಾಗ ಮೂತಿಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು ಕಡ್ಡಿಯನ್ನು ಜೋರಾಗಿ ಒಮ್ಮೆ ಒತ್ತಿದರೆ ಕಣಗಳೂ ಜೊತೆಗೇ ಉದುರಿಹೋಗುತ್ತವೆ. ಪಕ್ಕದ ಬೆಂಚಿನ ಹಿರಿಯರೊಬ್ಬರು ತೋರಿಸಿಕೊಟ್ಟ ಮೇಲೆ ಆ ತೊಂದರೆ ಮರುಕಳಿಸಲಿಲ್ಲ. ಅದೇ ಯೂನೀಕ್ 9 ಮಿ.ಮೀ.ನ ಹೆಚ್ಚಿನ ಒತ್ತಡದಲ್ಲಿ ಬಹುಮಟ್ಟಿಗೆ ಶುದ್ಧವಾಗಿಯೇ ಉರಿಯಿತು. ಎಚ್‌ಪಿ-38 ಎರಡರಲ್ಲೂ ಮಧ್ಯಮ. ಟೈಟ್‌ಗ್ರೂಪ್ ಮಸಿ ಬಿಡುವುದು ಕಡಿಮೆ, ಆದರೆ ಬಿಸಿ ಹೆಚ್ಚು: ಲೇಪನವಿರುವ ಸೀಸದ ಗುಂಡುಗಳನ್ನು ಹೊಡೆದಾಗ ಹೊಗೆ ಮೂಗಿಗೆ ಬರುವಷ್ಟಿತ್ತು, ನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ರಿವಾಲ್ವರಿನ ಕಬ್ಬಿಣ ಮುಟ್ಟಲು ಹಿಂಜರಿಯುವಂತಾಗಿತ್ತು.

ಖರ್ಚಿನ ವಿಷಯದಲ್ಲಿ ಜನ ಅನಗತ್ಯವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. ತೋಟಾಕ್ಕೆ ನಾಲ್ಕು ಗ್ರೇನಾದರೆ 1,750, ಐದಾದರೆ 1,400. ಪೌಂಡಿಗೆ ನಲವತ್ತು ಡಾಲರ್ ಎಂದು ಹಿಡಿದರೂ ತೋಟಾವೊಂದಕ್ಕೆ ಬೀಳುವ ವ್ಯತ್ಯಾಸ ಅರ್ಧ ಸೆಂಟಿನ ಆಸುಪಾಸು. ಗುಂಡು ಮತ್ತು ಪ್ರೈಮರಿನ ಬೆಲೆಯೆದುರು ಇದು ಯಾವ ಲೆಕ್ಕಕ್ಕೂ ಇಲ್ಲ. ಕಡಿಮೆ ಮದ್ದು ಸಾಕು ಎಂಬ ಒಂದೇ ಕಾರಣಕ್ಕೆ ಟೈಟ್‌ಗ್ರೂಪ್ ಕೊಳ್ಳುವವರನ್ನು ನೋಡಿದ್ದೇನೆ. ಅರ್ಧ ಸೆಂಟು ಉಳಿಸಿಕೊಟ್ಟ ಆ ಗುಣವೇ ನನ್ನ ಆರನೆಯ ಕೋಶದಲ್ಲಿ ಎರಡು ಪಾಲನ್ನು ಮರೆಮಾಡಿತ್ತು. ಸಿಗುವುದು ಸಿಗದಿರುವುದು ಬೇರೆ ಮಾತು: ನಮ್ಮ ಕಡೆಯ ಅಂಗಡಿಗಳಲ್ಲಿ ಯೂನೀಕ್ ಈಚೆಗೆ ಅಪರೂಪ, ಕಂಡಾಗ ಕೊಂಡಿಡಬೇಕು. ಕೊಂಡದ್ದನ್ನು ಗ್ಯಾರೇಜಿನಲ್ಲಿ ಮಾತ್ರ ಇಡಬಾರದು. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ 31 ದಿನ ಬಿಡದೆ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಇಲ್ಲವೇ ದಾಟಿತ್ತು. ಅಂಥ ಸೆಕೆಯಲ್ಲಿ ಮದ್ದು ಕೆಡುತ್ತದೆ. ನನ್ನ ಡಬ್ಬಿಗಳು, ಮೂಲ ಡಬ್ಬಿಯಲ್ಲೇ, ಮನೆಯೊಳಗಿನ ತಣ್ಣನೆಯ ಕೋಣೆಯಲ್ಲಿ ಬೀಗದ ಹಿಂದೆ ಇರುತ್ತವೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ.

ನನ್ನ ಆಯ್ಕೆ ಹೀಗೆ ನಿಂತಿದೆ. 9 ಮಿ.ಮೀ.ಗೆ ಎಚ್‌ಪಿ-38: ಅಳತೆಯಂತ್ರದಲ್ಲಿ ಜಾರುತ್ತದೆ, ಎರಡು ಪಾಲು ಬಿದ್ದರೆ ಅಂಚಿಗೆ ಬಂದು ತಾನೇ ಹೇಳಿಕೊಳ್ಳುತ್ತದೆ, ಕೋಶ ಚಿಕ್ಕದಾದ್ದರಿಂದ ಒರಗುವ ದೋಷ ಬಾಧಿಸುವುದಿಲ್ಲ. .38ಕ್ಕೆ, ವೇಗಮಾಪಕದ ಮಾತಿಗೆ ವಿರುದ್ಧವಾಗಿ, ಯೂನೀಕ್. ಅದರ ಏರುಪೇರು ಇಪ್ಪತ್ತೈದು ಗಜದ ಗುರಿಯಲ್ಲಿ ನನ್ನ ಕೈನಡುಕದ ಮುಂದೆ ಏನೂ ಅಲ್ಲ, ಮಸಿಯನ್ನು ತೊಳೆದರಾಯಿತು. ಸ್ಪರ್ಧೆಗೆ ಹೋಗುವವರು, ಪ್ರತಿ ಕೋಶದ ಮದ್ದಿನ ಮಟ್ಟವನ್ನು ತಾನೇ ಪರೀಕ್ಷಿಸಿ ಎಚ್ಚರಿಸುವ ಸಾಧನವಿರುವ ಪ್ರೆಸ್ಸು ಉಳ್ಳವರು ಟೈಟ್‌ಗ್ರೂಪ್ ಆರಿಸಿದರೆ ನನ್ನ ತಕರಾರಿಲ್ಲ.

ನನ್ನ ಟೈಟ್‌ಗ್ರೂಪ್ ಡಬ್ಬಿಯಲ್ಲಿ ಇನ್ನೂ ಅರ್ಧದಷ್ಟಿದೆ. ಅದನ್ನು 9 ಮಿ.ಮೀ.ಗೆ, ಒಂದು ಸಂಜೆಗೆ ಐವತ್ತರಂತೆ, ಪ್ರತಿ ಪಾಲನ್ನೂ ತಕ್ಕಡಿಯಲ್ಲಿ ತೂಗಿ ಸುರಿದ ಕೂಡಲೇ ಅದರ ಮೇಲೆ ಗುಂಡು ಕೂರಿಸಿಬಿಡುವ ಕ್ರಮದಲ್ಲಿ ಖರ್ಚು ಮಾಡುತ್ತಿದ್ದೇನೆ. ಫೋನು ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತದೆ.