ಮಕ್ಕಳ ಬಚ್ಚಲುಮನೆಗೆ ಅಲಂಕಾರಿಕ ಬಣ್ಣ: ಮಳೆಗಾಲ ದಾಟಿದ ಮೇಲೆ ಒಂದು ವಿಮರ್ಶೆ

ಹಳೆಯ ಟೈಲ್ಸ್ ಒಡೆಸದೆ ಬಣ್ಣದಿಂದಲೇ ಮಕ್ಕಳ ಬಚ್ಚಲುಮನೆಯನ್ನು ಹೊಸದಾಗಿಸಬಹುದು ಎಂದು ಬೆಂಗಳೂರಿನ ಬಣ್ಣದ ಅಂಗಡಿಗಳಲ್ಲಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಕಲರ್ ವಾಶ್, ಸ್ಟೆನ್ಸಿಲ್ (ಆಕಾರ ಕತ್ತರಿಸಿದ ಹಾಳೆಯ ಮೂಲಕ ಚಿತ್ರ ಮೂಡಿಸುವುದು), ಕೋಂಬಿಂಗ್ ಮತ್ತು ಟೈಲ್ಸ್ ಮೇಲಿನ ಎಪಾಕ್ಸಿ ಬಣ್ಣ, ಈ ನಾಲ್ಕನ್ನೂ ಪರಿಚಯದ ಗುತ್ತಿಗೆದಾರರಿಂದ ಮಾಡಿಸಿ, ಮಳೆಗಾಲವೊಂದನ್ನು ಪೂರ್ತಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಅಂಗಡಿಯವರ ಮಾತು ನಿಜ. ಆದರೆ ಯಾವ ಫಿನಿಶ್ ಗೋಡೆಯ ಯಾವ ಭಾಗಕ್ಕೆ ಎಂಬುದನ್ನು ನೀರು ಎಲ್ಲಿ ಬೀಳುತ್ತದೆ ಎಂದು ನೋಡಿಯೇ ನಿರ್ಧರಿಸಬೇಕು.

ಕ್ಯಾಟಲಾಗಿನ ಚಿತ್ರಗಳಲ್ಲಿ ಗಾಜಿನ ತಡೆಯ ಹಿಂದೆ ಶವರ್ ಇರುತ್ತದೆ. ನಮ್ಮಲ್ಲಿ ಮಕ್ಕಳು ಬಕೆಟ್ಟು, ಚೊಂಬು ಹಿಡಿದು ಸ್ನಾನ ಮಾಡುವುದರಿಂದ ಗೋಡೆಯ ಕೆಳಗಿನ ಮೂರು ನಾಲ್ಕು ಅಡಿಗೆ ದಿನವೂ ನೀರು ಎರಚುತ್ತದೆ, ಹಬ್ಬದ ಎಣ್ಣೆಸ್ನಾನದ ದಿನ ಸೀಗೆಪುಡಿಯ ಕಂದು ಕಲೆಯೂ ಸೇರಿಕೊಳ್ಳುತ್ತದೆ. ಕೊಳವೆಬಾವಿಯ ಗಡಸು ನೀರಾದರಂತೂ ಒಣಗಿದಲ್ಲೆಲ್ಲ ಬಿಳಿ ಗುರುತು ಉಳಿಯುತ್ತದೆ, ಗಾಢ ನೀಲಿಯಂಥ ಬಣ್ಣದ ಮೇಲೆ ಅದು ದೂರಕ್ಕೇ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ತೃಪ್ತಿ ಕೊಟ್ಟದ್ದು ಟೈಲ್ಸ್ ಮುಗಿದ ಮೇಲಿನ ಗೋಡೆಗೆ ಮಾಡಿಸಿದ ಕಲರ್ ವಾಶ್. ತಿಳಿ ಬಣ್ಣದ ಸ್ಯಾಟಿನ್ ಎಮಲ್ಷನ್ (ಮಂದ ಹೊಳಪಿನ, ನೀರಿನಲ್ಲಿ ಕಲಸುವ ಗೋಡೆ ಬಣ್ಣ) ಒಣಗಿದ ಮೇಲೆ, ಅದಕ್ಕಿಂತ ಒಂದು ಛಾಯೆ ಗಾಢವಾದ ತೆಳು ಬಣ್ಣವನ್ನು ಅಡ್ಡಾದಿಡ್ಡಿಯಾಗಿ ಬ್ರಷ್‌ನಿಂದ ಎಳೆದು, ಹಸಿ ಇರುವಾಗಲೇ ಬಟ್ಟೆಯಿಂದ ಅಲ್ಲಲ್ಲಿ ಒರೆಸುತ್ತಾರೆ. ಹೀಗೆ ಮೂಡಿದ ಮೋಡದಂಥ ಏರಿಳಿತ ನೋಡಲು ಚೆಂದ ಮಾತ್ರವಲ್ಲ, ಮೈ ಒಂದೇ ಸಮನಾಗಿಲ್ಲದ ಕಾರಣ ನೀರಿನ ಗುರುತನ್ನೂ ಮರೆಸುತ್ತದೆ. ಏಷ್ಯನ್ ಪೇಂಟ್ಸ್‌ನ ರಾಯಲ್ ಪ್ಲೇ ಶ್ರೇಣಿಯಲ್ಲಿ ಇಂಥ ಪರಿಣಾಮಗಳ ಮಾದರಿಗಳನ್ನು ನೋಡಬಹುದು. ಆದರೆ ಫಲಿತಾಂಶ ಡಬ್ಬಿಗಿಂತ ಹೆಚ್ಚಾಗಿ ಪೇಂಟರ್‌ನ ಕೈಯನ್ನು ಅವಲಂಬಿಸಿದೆ, ಆದ್ದರಿಂದ ಮೊದಲು ಒಂದು ಹಲಗೆಯ ಮೇಲೆ ಮಾಡಿ ತೋರಿಸಿ ಎಂದು ಕೇಳುವುದು ಒಳ್ಳೆಯದು. ಕಲರ್ ವಾಶ್ ಮೇಲೆ ಸ್ಟೆನ್ಸಿಲ್‌ನಿಂದ ಮೂಡಿಸಿದ ಮೀನುಗಳ ಸಾಲೂ ಅಂಚು ಕದಡದೆ ಉಳಿದಿದೆ. ಸ್ಪಂಜಿಗೆ ಬಣ್ಣ ಹತ್ತಿಸಿ, ಹೆಚ್ಚಾದದ್ದನ್ನು ಕಾಗದದ ಮೇಲೆ ತಟ್ಟಿ ತೆಗೆದು, ಬಹುತೇಕ ಒಣಗಿದ ಸ್ಪಂಜಿನಿಂದಲೇ ಒತ್ತಿದ್ದು ಇದಕ್ಕೆ ಕಾರಣ.

ಕೋಂಬಿಂಗ್ ಮಾತ್ರ ಬೇಸರ ತಂದಿತು. ಹಲ್ಲಿನ ಉಪಕರಣದಿಂದ ಗೆರೆ ಎಳೆದ ಆ ಫಿನಿಶ್ ಹಜಾರದ ಗೋಡೆಗೆ ಬಹಳ ಶೋಭಿಸುತ್ತದೆ. ಬಚ್ಚಲುಮನೆಯಲ್ಲಿ ಆ ಗೆರೆಗಳಲ್ಲೇ ಸೋಪಿನ ಜಿಡ್ಡು ಕೂತು, ಜುಲೈ ತಿಂಗಳ ತೇವಕ್ಕೆ ಕಪ್ಪು ಬೂಷ್ಟು ಹಿಡಿಯಿತು. ಉಜ್ಜಿದರೆ ಬೂಷ್ಟಿನ ಜೊತೆ ಬಣ್ಣವೂ ಮಾಸುತ್ತದೆ.

ಟೈಲ್ಸ್‌ಗೆ ಹಚ್ಚುವ ಎಪಾಕ್ಸಿಯಲ್ಲಿ ರಾಳ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಎರಡು ಬೇರೆ ಡಬ್ಬಿಗಳಲ್ಲಿ ಬರುತ್ತವೆ. ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಹಚ್ಚಿದ ಮೇಲೆ ಸುಮಾರು ಒಂದು ವಾರ ನೀರು ತಾಗಿಸಬಾರದು. ನೀರು, ಸೋಪು, ಸೀಗೆಪುಡಿ ಯಾವುದಕ್ಕೂ ಅದು ಜಗ್ಗಿಲ್ಲ. ಅದರ ಯಶಸ್ಸೆಲ್ಲ ಪೂರ್ವಸಿದ್ಧತೆಯಲ್ಲಿದೆ: ಸೋಪಿನ ಪೊರೆ ತೆಗೆದು, ಟೈಲ್ಸ್‌ನ ಹೊಳಪು ಹೋಗುವಂತೆ ಸ್ಯಾಂಡ್‌ಪೇಪರ್ ಉಜ್ಜಿ, ಮೂಲೆಗಳ ಸಂದಿಗೆ ತುಂಬಿದ ಹಳೆಯ ಸಿಲಿಕೋನನ್ನು ಪೂರ್ತಿ ಕೆರೆಯಬೇಕು, ಏಕೆಂದರೆ ಸಿಲಿಕೋನ್ ಮೇಲೆ ಬಣ್ಣ ಹಿಡಿಯುವುದೇ ಇಲ್ಲ. ಬಿಳಿ ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗುವ ಸ್ವಭಾವದ್ದು. ಕಿಟಕಿಯ ಬಳಿಗೆ ಬೇರೆ ಬಣ್ಣ ಆರಿಸಿದರೆ ವಾಸಿ.

ಮಕ್ಕಳ ವಿಷಯವಾದ್ದರಿಂದ ಸೀಸದ (ಲೆಡ್) ಬಗ್ಗೆ ಹೇಳಲೇಬೇಕು. ಮನೆಬಳಕೆಯ ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ 2016ರ ನಿಯಮ 2017ರ ನವೆಂಬರ್ 1ರಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ, ಹೊಸ ಡಬ್ಬಿಯ ಮೇಲೆ ಆ ಮಾಹಿತಿಯನ್ನು ನೋಡಿಯೇ ಕೊಳ್ಳಿ. ಅಟ್ಟದ ಮೇಲೆ ಉಳಿದ ಹಳೆಯ ಎನಾಮಲ್ ಬಣ್ಣ ಬಳಸಬೇಡಿ. ಹಳೆಯ ಬಾಗಿಲು, ಕಿಟಕಿಗಳ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿಸದೆ, ನೀರು ಹಾಕಿ ಉಜ್ಜಿಸಿ, ಆ ಹೊತ್ತು ಮಕ್ಕಳನ್ನು ಮನೆಯಲ್ಲಿ ಇರಿಸದಿರುವುದೇ ಕ್ಷೇಮ.

ನೆಲಕ್ಕೂ ಅದೇ ಎಪಾಕ್ಸಿ ಹಚ್ಚಿಕೊಡುವುದಾಗಿ ಗುತ್ತಿಗೆದಾರರು ಹೇಳಿದರು. ನಾವು ಒಪ್ಪಲಿಲ್ಲ: ಒದ್ದೆ ಕಾಲಲ್ಲಿ ಓಡುವ ಮಕ್ಕಳಿಗೆ ನೆಲ ಒರಟಾಗಿಯೇ ಇರಬೇಕು.