‘48 ಮೆಗಾಪಿಕ್ಸೆಲ್’ ಅಂತ ಬರೆದಿರುವ ಅಗ್ಗದ ಕ್ಯಾಮೆರಾ ಕೊಳ್ಳುವ ಮುಂಚೆ ಇದನ್ನು ಓದಿ

ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಸಿಗುತ್ತವೆ. 48 ಮೆಗಾಪಿಕ್ಸೆಲ್ (ಅಂದರೆ ಒಂದು ಫೋಟೋದಲ್ಲಿ 4.8 ಕೋಟಿ ಚುಕ್ಕೆ), 4ಕೆ ವಿಡಿಯೋ, ಹೊಸಬರಿಗೆ ಹೇಳಿ ಮಾಡಿಸಿದ್ದು ಅಂತೆಲ್ಲ ಬರೆದಿರುತ್ತದೆ. ತಯಾರಿಸಿದ ಕಂಪನಿಯ ಹೆಸರು ಯಾರೂ ಕೇಳಿರುವುದಿಲ್ಲ. ದಯವಿಟ್ಟು ತಗೋಬೇಡಿ.

ನಮ್ಮಕ್ಕ ಮಗಳಿಗೆಂದು ಇಂಥದ್ದೊಂದನ್ನು ತರಿಸಿದ್ದಳು. ಪಿಯುಸಿ ಮುಗಿಸಿದ ಹುಡುಗಿ, ಫೋಟೋಗ್ರಫಿ ಕಲಿಯುವ ಹುಮ್ಮಸ್ಸು. ನೆಂಟರ ಮನೆಯ ಸೀಮಂತದಲ್ಲಿ ಬೆಳಗ್ಗಿಂದ ಸಂಜೆವರೆಗೆ ಕ್ಲಿಕ್ಕಿಸಿದಳು. ಆಲ್ಬಮ್ಮಿಗೆ ಹಾಕುವಂಥ ಒಂದು ಫೋಟೋನೂ ಇರಲಿಲ್ಲ. “ನಂಗೆ ಇದೆಲ್ಲ ಬರಲ್ಲ ಅನ್ಸುತ್ತೆ ಮಾಮ” ಅಂತ ಮುಖ ಸಪ್ಪಗೆ ಮಾಡಿಕೊಂಡಳು. ನನಗೆ ಸಿಟ್ಟು ಬಂದದ್ದು ಆಗಲೇ.

ಕ್ಯಾಮೆರಾ ತಗೊಂಡು ಗೋಡೆಯ ಕ್ಯಾಲೆಂಡರಿನ ಫೋಟೋ ತೆಗೆದೆ. 48ಕ್ಕಿಟ್ಟು ಒಂದು, ಅದೇ ಜಾಗದಿಂದ 8ಕ್ಕಿಟ್ಟು ಇನ್ನೊಂದು. ಕಂಪ್ಯೂಟರಿನಲ್ಲಿ ಎರಡನ್ನೂ ದೊಡ್ಡದು ಮಾಡಿ ನೋಡಿದೆ. ‘ರಾಹುಕಾಲ’ ಎರಡರಲ್ಲೂ ಓದಲು ಬರುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿರುವ ನಕ್ಷತ್ರದ ಹೆಸರು ಎರಡರಲ್ಲೂ ಕಲಸಿಹೋಗಿದೆ. ಕಲಸಿದ ರೀತಿ ಕೂಡ ಒಂದೇ! ಆದರೆ 48ರ ಫೈಲ್ 8000×6000 ಚುಕ್ಕೆ, ಭಾರಿ ಗಾತ್ರ. ಒಳಗಿನ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಚಿಕ್ಕದು, ಅದು ಕೊಟ್ಟ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿ, ನಡುವಿನ ಚುಕ್ಕೆಗಳನ್ನು ಅಂದಾಜಿನ ಮೇಲೆ ತುಂಬುತ್ತದೆ. ಒಂದು ಲೋಟ ಮಜ್ಜಿಗೆಗೆ ಐದು ಲೋಟ ನೀರು ಬೆರೆಸಿ ಆರು ಲೋಟ ಮಜ್ಜಿಗೆ ಅಂದ ಹಾಗೆ.

ಹಾಗಂತ 48 ಅನ್ನುವ ಅಂಕಿಯೇ ಸುಳ್ಳಲ್ಲ. 2018ರಲ್ಲಿ ಸೋನಿ ತಂದ ಮೊಬೈಲ್ ಸೆನ್ಸರಿನಲ್ಲಿ ನಿಜಕ್ಕೂ 48 ಮೆಗಾಪಿಕ್ಸೆಲ್ ಇದೆ. ನಾಲ್ಕು ನಾಲ್ಕು ಪಿಕ್ಸೆಲ್ ಸೇರಿಸಿ 12ರ ಫೋಟೋ ಕೊಡುತ್ತದೆ. ಇಲ್ಲಿ ನಡೆಯುವುದು ಅದರ ಉಲ್ಟಾ. ಅಷ್ಟಕ್ಕೂ 8×12 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆ ಲೆಕ್ಕ ಹಿಡಿದರೂ, 3600×2400 ಸಾಕು. ಒಂಬತ್ತು ಮೆಗಾಪಿಕ್ಸೆಲ್ ಕೂಡ ಆಗಲಿಲ್ಲ. ಕಲಿಯುವವರಿಗೆ 48 ಯಾಕೆ ಬೇಕು ಹೇಳಿ?

ಫ್ಲ್ಯಾಶಿನ ಕಥೆ ಇನ್ನೂ ಕೆಟ್ಟದ್ದು. ಇದರಲ್ಲಿರುವುದು ಫ್ಲ್ಯಾಶೇ ಅಲ್ಲ, ಒಂದು ಎಲ್‌ಇಡಿ ದೀಪ. ನಿಜವಾದ ಫ್ಲ್ಯಾಶಿನಲ್ಲಿ ಕ್ಸೆನಾನ್ ಕೊಳವೆ ಇರುತ್ತದೆ. ಅದು ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಹೊತ್ತು ಜೋರಾಗಿ ಮಿಂಚಿ ಆರಿಬಿಡುತ್ತದೆ. ಆರತಿ ಎತ್ತುವ ಕೈ ಅಷ್ಟರಲ್ಲಿ ಎಲ್ಲಿ ಅಲುಗಾಡೀತು? ಎಲ್‌ಇಡಿಗೆ ಆ ಜೋರಿಲ್ಲ. ಬೆಳಕು ಸಾಲದೆ ಕ್ಯಾಮೆರಾ ಜಾಸ್ತಿ ಹೊತ್ತು ತೆರೆದಿರುತ್ತದೆ, ಕೈ, ತಟ್ಟೆ, ಬಳೆ ಎಲ್ಲ ಎಳೆದುಕೊಂಡು ಬರುತ್ತವೆ. ಅದೂ ಸಾಲದು ಅಂತ ದೀಪ ಮೊದಲು ಹತ್ತಿ, ಫೋಟೋ ಆಮೇಲೆ ಬೀಳುತ್ತಿತ್ತು. ಬೆಳಕು ಬಂತು, ಮುಗೀತು ಅಂದುಕೊಂಡು ಜನ ತಿರುಗಿದ್ದಾರೆ. ಹಿರಿಯರ ಸಾಲಿನ ಫೋಟೋದಲ್ಲಿ ಅರ್ಧಕ್ಕರ್ಧ ಜನರ ಕಣ್ಣು ಮುಚ್ಚಿದೆ. (ಒಳ್ಳೆಯ ಕ್ಯಾಮೆರಾದಲ್ಲೂ ಕೆಂಗಣ್ಣು ತಪ್ಪಿಸುವ ‘ರೆಡ್ ಐ’ ಮೋಡ್ ಆನ್ ಇದ್ದರೆ ಮೊದಲೊಂದು ಬೆಳಕು ಬಂದು, ಆಮೇಲೆ ಫ್ಲ್ಯಾಶ್ ಹೊಡೆಯುತ್ತದೆ. ಗುಂಪಿನ ಫೋಟೋಗೆ ಅದನ್ನು ಆಫ್ ಮಾಡಿಡಿ.)

ಒಂದು ಫೋಟೋವಂತೂ ವಿಚಿತ್ರ. ಬಸುರಿಯ ಮುಖ, ಮುಡಿದ ಹೂವು ಫಳಫಳ. ಎದೆಯ ಮಟ್ಟಕ್ಕೆ ಗೆರೆ ಎಳೆದ ಹಾಗೆ ಅಲ್ಲಿಂದ ಕೆಳಗೆಲ್ಲ ಕತ್ತಲೆ. ದುಡ್ಡು ಕೊಟ್ಟು ಕರೆಸಿದ್ದ ಫೋಟೋಗ್ರಾಫರ್ ಅದೇ ಗಳಿಗೆಗೆ ಫ್ಲ್ಯಾಶ್ ಹೊಡೆದಿದ್ದರು. ಈ ಕ್ಯಾಮೆರಾದಲ್ಲಿ ಮುಚ್ಚಿ ತೆಗೆಯುವ ಶಟರ್ ಇಲ್ಲ; ಸೆನ್ಸರನ್ನು ಒಂದೊಂದೇ ಸಾಲಾಗಿ ಓದುತ್ತದೆ. ಫ್ಲ್ಯಾಶ್ ಮಿಂಚಿದಾಗ ಬೆಳಕು ಹಿಡಿಯುತ್ತಿದ್ದ ಸಾಲುಗಳಿಗಷ್ಟೇ ಬೆಳಕು ಸಿಕ್ಕಿತು.

ಇದರ ಅಣ್ಣನಂಥ ತೊಂದರೆ ಡಿಎಸ್‌ಎಲ್‌ಆರ್‌ನಲ್ಲೂ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಇದೆ. ಅಲ್ಲಿ ಶಟರಿಗೆ ಎರಡು ಪರದೆ. ಶಟರಿನ ವೇಗ ಸಾಮಾನ್ಯವಾಗಿ 1/200 ಸೆಕೆಂಡಿನವರೆಗೆ ಇದ್ದರೆ ಸೆನ್ಸರ್ ಪೂರ್ತಿ ತೆರೆದಿರುವ ಒಂದು ಗಳಿಗೆ ಸಿಗುತ್ತದೆ, ಫ್ಲ್ಯಾಶ್ ಆಗ ಹೊಡೆಯಬೇಕು. 1/1000ಕ್ಕೆ ಏರಿಸಿದರೆ ಮೊದಲ ಪರದೆ ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟಿರುತ್ತದೆ, ಫೋಟೋದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಕ್ಯಾಮೆರಾದ್ದೇ ಫ್ಲ್ಯಾಶ್ ಆದರೆ ವೇಗ ಅಷ್ಟು ಏರದ ಹಾಗೆ ಕ್ಯಾಮೆರಾ ತಾನಾಗಿ ತಡೆಯುತ್ತದೆ. ಅಗ್ಗದ ಮ್ಯಾನುಯಲ್ ಫ್ಲ್ಯಾಶ್ ಹಾಕಿದರೆ ತಡೆಯುವವರಿಲ್ಲ.

ಮಾರಿದವರಿಗೆ ಹೇಳಿದ್ದಕ್ಕೆ, “ಮೇಲೆ ಸ್ಲಾಟ್ ಇದೆಯಲ್ಲ ಸರ್, ಬೇರೆ ಫ್ಲ್ಯಾಶ್ ಹಾಕ್ಕೊಳ್ಳಿ” ಅಂದರು. ಸ್ಲಾಟ್ ಇದೆ ನಿಜ. ಆದರೆ ಅದು ಬರೀ ತಗಡು. ಫ್ಲ್ಯಾಶಿಗೆ ಸೂಚನೆ ಕಳಿಸುವ ನಡುವಿನ ಲೋಹದ ಚುಕ್ಕೆಯೇ ಇಲ್ಲ. ಹಾಕಿದ ಫ್ಲ್ಯಾಶ್ ಸುಮ್ನೆ ಕೂತಿರುತ್ತದೆ. ವಾಪಸ್ ತಗೊಳ್ಳಿ ಅಂದರೆ, ವಸ್ತು ಕೆಲಸ ಮಾಡುತ್ತಿದೆ, ಆಗಲ್ಲ ಅಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನಿಮಗೂ ಹೀಗಾಗಿದ್ದರೆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಪುಟ ಯಾವಾಗ ಬೇಕಾದರೂ ಬದಲಾಗಬಹುದು.

ಕೊಳ್ಳುವ ಮುಂಚೆ ವಿವರಗಳಲ್ಲಿ ‘ಎಫೆಕ್ಟಿವ್ ಪಿಕ್ಸೆಲ್ಸ್’ (ಸೆನ್ಸರ್ ನಿಜಕ್ಕೂ ಚಿತ್ರಕ್ಕೆ ಬಳಸುವ ಚುಕ್ಕೆಗಳು) ಮತ್ತು ಸೆನ್ಸರಿನ ಅಳತೆ ಹುಡುಕಿ. ಎರಡೂ ಇಲ್ಲದಿದ್ದರೆ ಅಲ್ಲಿಗೇ ಬಿಡಿ. ‘ಇಂಟರ್‌ಪೊಲೇಟೆಡ್’ (ಅಂದಾಜಿನ ಮೇಲೆ ಹಿಗ್ಗಿಸಿದ್ದು) ಅಂತ ಎಲ್ಲೋ ಮೂಲೆಯಲ್ಲಿ ಕಂಡರಂತೂ ಮಾತೇ ಬೇಡ. ದುಡ್ಡು ಕಡಿಮೆ ಇದ್ದರೆ ಹಳೇ ಡಿಎಸ್‌ಎಲ್‌ಆರ್ ನೋಡಿ. 2008ರ ನಿಕಾನ್ ಡಿ90ರಲ್ಲಿ ಇರುವುದು 12.3 ಮೆಗಾಪಿಕ್ಸೆಲ್ಲೇ. ಆದರೆ ಸೆನ್ಸರ್ ಸುಮಾರು 24×16 ಮಿಲಿಮೀಟರ್, ಫ್ಲ್ಯಾಶ್ ನಿಜವಾದ್ದು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೇ ನಿಂತು ಫ್ಲ್ಯಾಶ್ ಹಾಕಿ ನಾಲ್ಕಾರು ಫೋಟೋ ತೆಗೆದು, ಮೆಮೊರಿ ಕಾರ್ಡ್ ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿ. ಆಮೇಲೆ ದುಡ್ಡು ಕೊಡಿ, ಬಿಲ್ ಕೇಳಿ ತಗೊಳ್ಳಿ.