ಗಾಜಿನ ಅಡಿಗೆ ಏನು ಹಾಸಬೇಕು? ಕಿಲ್ನ್ ವಾಶ್, ಥಿನ್‌ಫೈರ್, ಫೈಬರ್ ಪೇಪರ್: ಒಂದು ಹೋಲಿಕೆ

ಫ್ಯೂಸಿಂಗ್, ಅಂದರೆ ಗಾಜಿನ ತುಂಡುಗಳನ್ನು ಕಿಲ್ನ್ ಎಂಬ ಕುಲುಮೆಯಲ್ಲಿ ಕಾಯಿಸಿ ಬೆಸೆಯುವ ಕೆಲಸ, ಮಾಡುವವರು ನಾಲ್ಕು ಜನ ಸೇರಿದರೆ ಬಣ್ಣದ ಮಾತು, ಶೆಡ್ಯೂಲಿನ (ಎಷ್ಟು ಬಿಸಿ, ಎಷ್ಟು ಹೊತ್ತು ಎಂಬ ಲೆಕ್ಕದ) ಮಾತು ಮುಗಿಯುವುದೇ ಇಲ್ಲ. ಗಾಜಿನ ಅಡಿಗೆ ಏನು ಹಾಕ್ತೀರಿ ಅಂತ ಕೇಳಿ ನೋಡಿ, "ಪೇಪರ್" ಅಂತಲೋ "ವಾಶ್" ಅಂತಲೋ ಒಂದೇ ಮಾತಿನ ಉತ್ತರ ಬರುತ್ತದೆ. ಕಾದು ಮೆತ್ತಗಾದ ಗಾಜು ಕಿಲ್ನಿನೊಳಗಿನ ಬರೀ ಶೆಲ್ಫಿಗೆ (ಗಾಜು ಇಡುವ ಹಲಗೆಗೆ) ತಾಗಿದರೆ ಅದೂ ಹೋಯಿತು, ಇದೂ ಹೋಯಿತು. ಹಾಗಾಗಿ ಮಧ್ಯೆ ಏನೋ ಒಂದು ಇರಬೇಕು, ಅಷ್ಟೇ ಎನ್ನುವ ಧೋರಣೆ. ಆದರೆ ಆ ತೆಳು ಪದರದ ಕೆಲಸ ಅಂಟದಂತೆ ತಡೆಯುವುದಕ್ಕೆ ಮುಗಿಯುವುದಿಲ್ಲ. ಗಾಜಿನ ಕೆಳಗೆ ಗುಳ್ಳೆ ಏಳುತ್ತದೋ ಇಲ್ಲವೋ, ಅಂಚು ನುಣ್ಣಗೆ ಬರುತ್ತದೋ ಬೆರಳಿಗೆ ಚುಚ್ಚುತ್ತದೋ, ಹಿಂಬದಿ ನೋಡುವ ಹಾಗಿರುತ್ತದೋ ಇಲ್ಲವೋ, ಇಷ್ಟರಲ್ಲೂ ಅದರ ಪಾಲಿದೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಚಪ್ಪಟೆ ತುಂಡನ್ನು ಫುಲ್ ಫ್ಯೂಸ್ (ಪದರಗಳು ಪೂರ್ತಿ ಕರಗಿ ಒಂದಾಗುವಂತೆ) ಮಾಡುವಾಗ ತೆಳು ಹಾಳೆಯಾದ ಥಿನ್‌ಫೈರ್. ಟ್ಯಾಕ್ ಫ್ಯೂಸಿಗೆ (ತುಂಡುಗಳು ಆಕಾರ ಬಿಡದೆ ಬರೀ ಅಂಟಿಕೊಳ್ಳುವಷ್ಟು ಬಿಸಿಗೆ) ಮತ್ತು ಅಚ್ಚುಗಳಿಗೆ ಕಿಲ್ನ್ ವಾಶ್, ಅಂದರೆ ನೀರಿನಲ್ಲಿ ಕಲಸಿ ಬಳಿಯುವ ಪುಡಿ. ದಪ್ಪ ಫೈಬರ್ ಪೇಪರ್ (ಸೆರಾಮಿಕ್ ನಾರಿನ ಹಾಳೆ) ಇವೆರಡರ ಬದಲಿಗೆ ಬರುವಂಥದ್ದಲ್ಲ, ಅದರ ಕೆಲಸವೇ ಬೇರೆ.

ಹೋಲಿಕೆ ನ್ಯಾಯವಾಗಿರಲಿ ಅಂತ ಒಂದು ಕ್ರಮ ಇಟ್ಟುಕೊಂಡಿದ್ದೆ. ಒಂದೇ ಶೆಲ್ಫಿನ ಅರ್ಧಕ್ಕೆ ವಾಶ್ ಬಳಿದು, ಇನ್ನರ್ಧದ ಮೇಲೆ ಪೇಪರ್ ಹಾಸಿ, ಒಂದೇ ಶೀಟಿನಿಂದ ಕತ್ತರಿಸಿದ ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು ಸುಡುವುದು. ಬೇರೆ ಬೇರೆ ದಿನ ಸುಟ್ಟು ಹೋಲಿಸಿದರೆ ವ್ಯತ್ಯಾಸ ಪೇಪರಿನದೋ ಕಿಲ್ನಿನದೋ ಹೇಳಲಿಕ್ಕಾಗುವುದಿಲ್ಲ. ಕಿಲ್ನ್ ಚಿಕ್ಕದು, ಬಿಸಿ ಮಾಡುವ ಕಾಯಿಲ್ ಇರುವುದು ಮುಚ್ಚಳದಲ್ಲಿ, ಒಳಗೆ ಮುಲೈಟ್ ಎಂಬ ಸೆರಾಮಿಕ್ಕಿನ ಶೆಲ್ಫ್. ಗಾಜು ಬುಲ್ಸ್‌ಐ ಕಂಪನಿಯ 90 ಸಿಒಇ (ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎನ್ನುವ ಅಂಕಿ), 3 ಮಿ.ಮೀ. ದಪ್ಪದ್ದು, ಎರಡು ಪದರ. ಗಂಟೆಗೆ 222 ಡಿಗ್ರಿ ಸೆಲ್ಸಿಯಸ್‌ನಂತೆ 677ಕ್ಕೆ ಏರಿಸಿ ಅಲ್ಲಿ 30 ನಿಮಿಷ. ಅಲ್ಲಿಂದ ಗಂಟೆಗೆ 333ರಂತೆ 804ಕ್ಕೆ ಹೋಗಿ 10 ನಿಮಿಷ. ಆಮೇಲೆ 482ಕ್ಕೆ ಇಳಿಸಿ ಅನೀಲಿಂಗ್ (ಗಾಜಿನೊಳಗಿನ ಒತ್ತಡ ಇಳಿಯಲು ಅದೇ ಬಿಸಿಯಲ್ಲಿ ನಿಲ್ಲಿಸುವುದು), ಗಂಟೆಗೆ 56ರಂತೆ 371ರವರೆಗೆ ಇಳಿಸಿ ಕಿಲ್ನ್ ಆಫ್. ಈ ದಪ್ಪಕ್ಕೆ ಇದು ಎಲ್ಲರೂ ಬಳಸುವ ಶೆಡ್ಯೂಲೇ.

ಮೊದಲು ಕಿಲ್ನ್ ವಾಶ್. ಅದು ಹೆಚ್ಚುಕಡಿಮೆ ಎರಡೇ ವಸ್ತುಗಳ ಪುಡಿ: ಅಲ್ಯೂಮಿನಾ ಹೈಡ್ರೇಟ್ ಮತ್ತು ಕೆಯೋಲಿನ್ ಜೇಡಿ. ಅಲ್ಯೂಮಿನಾಕ್ಕೆ ಗಾಜು ಅಂಟುವುದಿಲ್ಲ. ಆ ಅಲ್ಯೂಮಿನಾವನ್ನು ಶೆಲ್ಫಿಗೆ ಹಿಡಿಸಿಡುವುದು ಕೆಯೋಲಿನ್. ಒಂದು ಪಾಲು ಪುಡಿಗೆ ಐದು ಪಾಲು ನೀರು, ಅಳತೆ ಪಾತ್ರೆಯ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಲ್ಲ. ಹಾಲಿನಷ್ಟು ತೆಳ್ಳಗಿರಬೇಕು. ಮೆದು ಕೂದಲಿನ ಅಗಲ ಬ್ರಷ್ಷಿನಲ್ಲಿ ನಾಲ್ಕೈದು ಕೋಟು, ಪ್ರತಿ ಕೋಟಿಗೂ ದಿಕ್ಕು ಬದಲಿಸುತ್ತಾ: ಒಮ್ಮೆ ಅಡ್ಡ, ಒಮ್ಮೆ ಉದ್ದ, ಆಮೇಲೆ ಎರಡೂ ಕರ್ಣಗಳಗುಂಟ. ಪುಡಿ ಬೇಗ ತಳಕ್ಕಿಳಿಯುತ್ತದೆ, ಆದ್ದರಿಂದ ಪ್ರತಿ ಸಲ ಬ್ರಷ್ ಅದ್ದುವಾಗಲೂ ತಳದಿಂದ ಕಲಕಬೇಕು; ಇಲ್ಲವಾದರೆ ಕಡೆಯ ಕೋಟಿಗೆ ಬರೀ ಬಣ್ಣದ ನೀರು ಸಿಕ್ಕುತ್ತದೆ. ಬಣ್ಣದ ನೀರು ಅಂದೆ, ಯಾಕೆಂದರೆ ಕೆಲವು ವಾಶ್‌ಗಳಿಗೆ ಗುಲಾಬಿ ಬಣ್ಣ ಸೇರಿಸಿರುತ್ತಾರೆ. ಎಲ್ಲಿ ಬಳಿದಿದೆ, ಎಲ್ಲಿ ಬಿಟ್ಟಿದೆ ಅಂತ ಕಾಣಲಿಕ್ಕೆ. ಸುಟ್ಟ ಮೇಲೆ ಅದು ಬೆಳ್ಳಗಾಗುತ್ತದೆ.

ಬಳಿದ ಮೇಲೆ ಒಣಗಿಸುವುದರಲ್ಲಿ ಆತುರ ಸಲ್ಲದು. ಮುಟ್ಟಿದರೆ ಒಣಗಿದಂತೆ ಅನಿಸಿದರೂ ಶೆಲ್ಫಿನ ಒಳಗೆ ನೀರು ಕೂತಿರುತ್ತದೆ. ಅದು ಆವಿಯಾಗಿ ಹೊರಡುವಾಗ ಗಾಜು ಮೇಲೆ ಮುಚ್ಚಿಕೊಂಡಿದ್ದರೆ ಗುಳ್ಳೆ ಖಂಡಿತ. 260 ಡಿಗ್ರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಖಾಲಿ ಶೆಲ್ಫ್ ಕಾಯಿಸಿಕೊಂಡರೆ ಆ ಚಿಂತೆ ಇಲ್ಲ. ಒಣಗಿದ ಮೇಲೆ ಅಂಗೈಯಿಂದ ಹಗುರವಾಗಿ ಸವರಿದರೆ ಬ್ರಷ್ಷಿನ ಗೆರೆಗಳೂ ಅರ್ಧದಷ್ಟು ಮಾಯ.

ಇಷ್ಟು ಮಾಡಿ ಸುಟ್ಟರೆ ಮೊದಲ ಸಲದ ಫಲಿತಾಂಶಕ್ಕೆ ಹೆಸರಿಡುವಂತಿಲ್ಲ. ಗಾಜು ತಾನಾಗಿ ಬಿಟ್ಟುಕೊಳ್ಳುತ್ತದೆ. ತಕರಾರು ಶುರುವಾಗುವುದು ಅದೇ ವಾಶಿನ ಮೇಲೆ ಎರಡನೇ ಫುಲ್ ಫ್ಯೂಸ್ ಮಾಡಿದಾಗ. ಕೆಯೋಲಿನ್ ಸುಮಾರು 550 ಡಿಗ್ರಿ ದಾಟಿದಾಗ ತನ್ನೊಳಗೆ ರಾಸಾಯನಿಕವಾಗಿ ಹಿಡಿದಿದ್ದ ನೀರನ್ನು ಕಳೆದುಕೊಂಡು ಜೇಡಿಯ ಗುಣ ಬಿಡುತ್ತದೆ, ಶೆಲ್ಫಿನ ಹಿಡಿತ ಸಡಿಲವಾಗುತ್ತದೆ. 800ರ ಮೇಲಿನ ಮೆತ್ತನೆ ಗಾಜು ಮತ್ತೊಮ್ಮೆ ಬಂದು ಕೂತಾಗ ಆ ಪುಡಿ ಶೆಲ್ಫನ್ನು ಬಿಟ್ಟು ಗಾಜಿನ ಬೆನ್ನಿಗೆ ಹತ್ತಿಕೊಳ್ಳುತ್ತದೆ. ಪಾರದರ್ಶಕ ಗಾಜಾದರೆ ಎದುರಿನಿಂದಲೇ ಬಿಳಿ ಮಬ್ಬು ಕಾಣುತ್ತದೆ. ರಾತ್ರಿಯೆಲ್ಲ ವಿನೆಗರಿನಲ್ಲಿ ನೆನೆಸಿದರೆ ಸ್ವಲ್ಪ ಸಡಿಲವಾಗುತ್ತದೆ, ಉಳಿದದ್ದನ್ನು ಡೈಮಂಡ್ ಪ್ಯಾಡಿನಿಂದ ನೀರು ಹಾಕಿ ಉಜ್ಜಬೇಕು. ಅಷ್ಟು ಉಜ್ಜುವ ಬದಲು ಪ್ರತಿ ಫುಲ್ ಫ್ಯೂಸ್ ಆದಮೇಲೂ ಹಳೆಯ ವಾಶ್ ಕೆರೆದು ಹೊಸದು ಬಳಿಯುವುದೇ ಸಲೀಸು. ಇದೇ ಕಿಲ್ನ್ ವಾಶಿನ ನಿಜವಾದ ಖರ್ಚು. ಪುಡಿ ಅಗ್ಗ, ಸಮಯ ಅಗ್ಗವಲ್ಲ.

ಥಿನ್‌ಫೈರ್ ಈ ಕೆರೆಯುವ ಕೆಲಸ ತಪ್ಪಿಸುತ್ತದೆ. ತೆಳು ಕಾಗದದಂಥ ಹಾಳೆ. ಕತ್ತರಿಯಲ್ಲಿ ಕತ್ತರಿಸಿ, ಶೆಲ್ಫಿನ ಮೇಲೆ ಹಾಸಿ, ಮೇಲೆ ಗಾಜು ಇಟ್ಟರೆ ಆಯಿತು. ಸುಮಾರು 400 ಡಿಗ್ರಿಯ ಹೊತ್ತಿಗೆ ಅದರೊಳಗಿನ ಅಂಟು ಸುಟ್ಟು ಹೋಗಿ ಬರೀ ಸೆರಾಮಿಕ್ ಪುಡಿ ಉಳಿಯುತ್ತದೆ. ಆ ಹೊತ್ತಿನಲ್ಲಿ ಕಾಗದ ಸುಟ್ಟ ವಾಸನೆ ಬರುತ್ತದೆ, ಕೋಣೆಯ ಕಿಟಕಿ ತೆರೆದಿರಲಿ. ಕಿಲ್ನಿಗೆ ಗಾಳಿಕಿಂಡಿ ಇದ್ದರೆ 540ರವರೆಗೆ ತೆಗೆದಿಟ್ಟು ಆಮೇಲೆ ಮುಚ್ಚುತ್ತೇನೆ.

ಹೊಸಬರು ಗಮನಿಸದ ಒಂದು ಸಂಗತಿ ಇಲ್ಲಿದೆ. ಅಂಟು ಸುಡುವಾಗ ಹಾಳೆ ಕುಗ್ಗುತ್ತದೆ, ಗಾಜಿನ ಭಾರ ಇಲ್ಲದ ಕಡೆ ಅಂಚು ಮೇಲಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡ ತುದಿ ಗಾಜಿನ ಮೇಲೆ ಬಿದ್ದರೆ ಅಲ್ಲಿ ಬಿಳಿ ಕಲೆ ನಿಲ್ಲುತ್ತದೆ, ಅದನ್ನು ಡಿವಿಟ್ (ಗಾಜಿನ ಮೇಲ್ಮೈ ಹರಳುಗಟ್ಟಿ ಮಂಕಾಗುವುದು) ಅಂದುಕೊಂಡು ಶೆಡ್ಯೂಲಿನಲ್ಲಿ ತಪ್ಪು ಹುಡುಕುವವರಿದ್ದಾರೆ. ಗಾಜಿಗಿಂತ ಸ್ವಲ್ಪವೇ ದೊಡ್ಡದಾಗಿ ಹಾಳೆ ಕತ್ತರಿಸಿದರೆ ಸುರುಳಿಯಾಗಲು ಜಾಗವೇ ಇರುವುದಿಲ್ಲ. ಇಡೀ ಶೆಲ್ಫಿಗೆ ಒಂದೇ ಹಾಳೆ ಹಾಸುವುದಾದರೆ ಮೂಲೆಗಳ ಮೇಲೆ ವಾಶ್ ಬಳಿದ ಚಿಕ್ಕ ಶೆಲ್ಫ್ ಚೂರುಗಳನ್ನು ಭಾರಕ್ಕೆ ಇಡಿ. ಎರಡು ಹಾಳೆ ಜೋಡಿಸಿ ಹಾಸಬೇಡಿ, ಸೇರಿದ ಗೆರೆ ಗಾಜಿನ ಬೆನ್ನಲ್ಲಿ ಅಚ್ಚೊತ್ತಿದಂತೆ ಮೂಡುತ್ತದೆ.

ಪಕ್ಕಪಕ್ಕ ಇಟ್ಟ ತುಂಡುಗಳನ್ನು ಕಿಲ್ನಿನಿಂದ ತೆಗೆದು ತಿರುಗಿಸಿ ನೋಡಿದಾಗ ವ್ಯತ್ಯಾಸ ಕಣ್ಣಿಗಿಂತ ಮೊದಲು ಬೆರಳಿಗೆ ಸಿಕ್ಕಿತು. ವಾಶಿನ ಮೇಲಿದ್ದ ತುಂಡಿನ ಹಿಂಬದಿ ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು. ಬೆಳಕಿಗೆ ಓರೆ ಹಿಡಿದರೆ ಬ್ರಷ್ ಹೋದ ದಾರಿ ಕಾಣುತ್ತದೆ. ಅಂಚಿನಗುಂಟ ಬೆರಳು ಆಡಿಸಿದರೆ ಅಲ್ಲಲ್ಲಿ ಸಣ್ಣ ಮುಳ್ಳು. ಗಾಜು ಬಿಸಿಯಲ್ಲಿ ಹರಡಿ ಮತ್ತೆ ಒಳಕ್ಕೆ ಸರಿಯುವಾಗ ಅಂಚು ವಾಶಿನ ಉಬ್ಬುತಗ್ಗಿಗೆ ಸಿಕ್ಕಿಕೊಂಡು ಎಳೆಯುತ್ತದೆ, ಎಳೆದ ಜಾಗದಲ್ಲಿ ಸೂಜಿಮೊನೆ ಉಳಿಯುತ್ತದೆ. ಥಿನ್‌ಫೈರ್ ಮೇಲಿದ್ದ ತುಂಡಿನ ಬೆನ್ನು ಉದ್ದಗಲಕ್ಕೂ ಒಂದೇ ಸಮ, ನವಿರಾದ ಮಂಕು. ಮುಳ್ಳು ಇಲ್ಲವೇ ಇಲ್ಲ ಅನ್ನಲಾರೆ, ಆದರೆ ಹುಡುಕಬೇಕು.

ಈ ಮುಳ್ಳಿನ ಕಾಟ ಒಂದೇ ಪದರದ 3 ಮಿ.ಮೀ. ಗಾಜಿನಲ್ಲಿ ಅತಿ ಹೆಚ್ಚು. ಪೂರ್ತಿ ಕರಗಿದ ಗಾಜು ಸುಮಾರು 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. ಅದಕ್ಕಿಂತ ತೆಳ್ಳಗಿದ್ದರೆ ಅಂಚನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ, ಸೆಳೆತ ಜಾಸ್ತಿಯಾದಷ್ಟೂ ಅಡಿಯ ಪದರಕ್ಕೆ ಉಜ್ಜಾಟ ಜಾಸ್ತಿ. ಒಂದೇ ಪದರ ಫುಲ್ ಫ್ಯೂಸ್ ಮಾಡಲೇಬೇಕು ಅನ್ನುವವರಿಗೆ ವಾಶ್ ಬೇಡ ಅಂತಲೇ ಹೇಳುತ್ತೇನೆ.

ಗುಳ್ಳೆಯ ವಿಷಯದಲ್ಲಿ ಫೈಬರ್ ಪೇಪರ್ ಎಲ್ಲಕ್ಕಿಂತ ಮುಂದು. ಅದರ ರಂಧ್ರಗಳ ಮೂಲಕ ಗಾಳಿ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ವಾಶ್ ಬಳಿದ ಶೆಲ್ಫಿನ ಮೇಲೆ ಗಾಜು ಸಪಾಟಾಗಿ ಕೂತರೆ ಗಾಳಿಗೆ ದಾರಿ ಇರುವುದಿಲ್ಲ, ಶೆಲ್ಫಿನಲ್ಲಿ ಚೂರು ತಗ್ಗಿದ್ದರೂ ಅಲ್ಲಿ ನಿಂತ ಗಾಳಿ ಉಬ್ಬಿ ಗಾಜನ್ನು ಒಡೆದು ಮೇಲೆ ಬರುತ್ತದೆ. ಥಿನ್‌ಫೈರ್ ನಡುವಿನದು. 677ರಲ್ಲಿ 30 ನಿಮಿಷ ನಿಲ್ಲಿಸುವುದು ಯಾಕೆಂದರೆ ಅಷ್ಟರಲ್ಲಿ ಗಾಜು ನಿಧಾನ ಕೆಳಗಿಳಿಯುತ್ತಾ ಗಾಳಿಯನ್ನು ಅಂಚಿನ ಕಡೆಗೆ ಒತ್ತಲಿ ಅಂತ. ಅಂಚು ಮೊದಲೇ ಮುಚ್ಚಿಕೊಂಡರೆ ಎಷ್ಟು ನಿಲ್ಲಿಸಿಯೂ ಉಪಯೋಗವಿಲ್ಲ. ದೊಡ್ಡ ತುಂಡಿಗೆ ನನ್ನ ಆಯ್ಕೆ: ಅಡಿಗೆ ಫೈಬರ್ ಪೇಪರ್, ಅದರ ಮೇಲೆ ಥಿನ್‌ಫೈರ್. ಗಾಳಿಗೆ ದಾರಿಯೂ ಆಯಿತು, ಬೆನ್ನಿಗೆ ಒರಟು ಕಲೆಯೂ ತಪ್ಪಿತು.

ಯಾಕೆಂದರೆ ಫೈಬರ್ ಪೇಪರ್ ಒಂದನ್ನೇ ಹಾಸಿದರೆ ಗಾಜಿನ ಬೆನ್ನು ಒರಟಾಗುತ್ತದೆ, ಬಟ್ಟೆಯ ಮೇಲ್ಮೈ ಒತ್ತಿದಂತೆ. ಆ ಗುಣವನ್ನೇ ಬೇಕೆಂದು ಬಳಸಿಕೊಳ್ಳಬಹುದು: ಎಲೆಯ ಆಕಾರವನ್ನೋ ಅಲೆಯನ್ನೋ ಕತ್ತರಿಸಿ ಗಾಜಿನ ಕೆಳಗಿಟ್ಟರೆ ಹಿಂಬದಿಯಲ್ಲಿ ಅದೇ ಚಿತ್ರ ತಗ್ಗಾಗಿ ಮೂಡುತ್ತದೆ. ಎರಡು ಪದರಕ್ಕಿಂತ ದಪ್ಪ ತುಂಡು ಪಕ್ಕಕ್ಕೆ ಹರಿಯದಂತೆ ಕಟ್ಟೆ ಕಟ್ಟುವಾಗ ಕಟ್ಟೆಯ ಒಳಬದಿಗೆ ಹಚ್ಚಲಿಕ್ಕೂ ಇದು ಬೇಕೇ ಬೇಕು. ಜೋಪಾನವಾಗಿ ಎತ್ತಿಟ್ಟರೆ ಮತ್ತೆ ಬಳಸಬಹುದು, ಥಿನ್‌ಫೈರ್‌ನಂತೆ ಒಂದೇ ಫುಲ್ ಫ್ಯೂಸಿಗೆ ಪುಡಿಯಾಗುವುದಿಲ್ಲ. ಮೊದಲ ಸುಡುವಿಕೆಯಲ್ಲಿ ಹೊಗೆ ಮಾತ್ರ ಥಿನ್‌ಫೈರ್‌ಗಿಂತ ಜೋರು. ಹಾಳೆಯನ್ನು ಗಾಜಿಲ್ಲದೆ ಒಮ್ಮೆ ಸುಟ್ಟಿಟ್ಟುಕೊಂಡರೆ ಒಳ್ಳೆಯದು.

ಆದರೆ ನನಗೆ ಫೈಬರ್ ಪೇಪರ್ ಮೇಲೆ ಪ್ರೀತಿ ಕಮ್ಮಿ, ಕಾರಣ ಧೂಳು. ಸುಟ್ಟ ಮೇಲೆ ಅಂಟು ಹೋಗಿ ನಾರುಗಳು ಸಡಿಲವಾಗಿ ಗಾಳಿಗೆ ಹಾರುತ್ತವೆ. ರಿಫ್ರಾಕ್ಟರಿ ಸೆರಾಮಿಕ್ ಫೈಬರನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) 2ಬಿ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ದೇಹದಲ್ಲಿ ಕರಗುವ ನಾರಿನ ಹಾಳೆಗಳೂ ಬರುತ್ತವೆ, ಸಿಕ್ಕರೆ ಅದನ್ನೇ ಕೊಳ್ಳಿ. ಹಾಗಂತ ಉಳಿದೆರಡರ ಧೂಳು ನಿರಪಾಯವೂ ಅಲ್ಲ. ಒಣ ವಾಶ್ ಕೆರೆಯುವಾಗಲೂ, ಥಿನ್‌ಫೈರ್ ಬೂದಿ ತೆಗೆಯುವಾಗಲೂ ಪುಡಿಗೆ ತಕ್ಕ ರೆಸ್ಪಿರೇಟರ್ ಮುಖದ ಮೇಲಿರಬೇಕು. ಬಟ್ಟೆಯ ಮಾಸ್ಕ್ ಸಾಲದು. ಬೂದಿಯ ಮೇಲೆ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು ಒರೆಸಿ, ಪೊರಕೆ ಹಿಡಿಯಬೇಡಿ. ಸ್ಟುಡಿಯೋ ಮನೆಯೊಳಗೇ ಇದ್ದರಂತೂ ಇದರಲ್ಲಿ ರಿಯಾಯಿತಿ ಇಲ್ಲ.

ಟ್ಯಾಕ್ ಫ್ಯೂಸಿಗೆ ವಾಶ್ ಯಾಕೆ ಅಂದೆ ಅಂತ ಹೇಳಬೇಕು. 740-760ರ ಆಸುಪಾಸಿನಲ್ಲಿ ಗಾಜು ಅಷ್ಟು ಹರಿಯುವುದಿಲ್ಲ, ವಾಶನ್ನು ಎಳೆದುಕೊಳ್ಳುವ ಬಲವೂ ಇರುವುದಿಲ್ಲ. ಮೇಲ್ಮೈ ಕೆಡದಿದ್ದರೆ, ಸಿಪ್ಪೆ ಏಳದಿದ್ದರೆ, ಅದೇ ವಾಶಿನ ಮೇಲೆ ಮತ್ತೊಮ್ಮೆ ಟ್ಯಾಕ್ ಮಾಡಲು ನಾನು ಹಿಂಜರಿಯುವುದಿಲ್ಲ. ಪ್ರತಿ ಸಲ ಒಂದು ಹಾಳೆ ಬೂದಿ ಮಾಡುವುದಕ್ಕಿಂತ ಅದು ಮೇಲು. ಥಿನ್‌ಫೈರ್ ಬಳಸುವಾಗಲೂ ಅಡಿಯ ಶೆಲ್ಫಿಗೆ ವಾಶ್ ಬಳಿದೇ ಇರುತ್ತೇನೆ. ಹಾಳೆ ಎಲ್ಲಾದರೂ ಹರಿದರೆ ಶೆಲ್ಫ್ ಉಳಿಯುತ್ತದೆ. ಗಾಜು ನೇರ ತಾಗದ ಕಾರಣ ಆ ವಾಶ್ ಬಹಳ ಕಾಲ ಬಾಳುತ್ತದೆ.

ಕಿಟಕಿ ಗಾಜು, ಅಂದರೆ ಫ್ಲೋಟ್ ಗಾಜಿನಲ್ಲಿ ಕೆಲಸ ಮಾಡುವವರು ಮೇಲಿನ ಅಂಕಿಗಳನ್ನು ಹಾಗೇ ತೆಗೆದುಕೊಳ್ಳಬಾರದು. ಅದು ಗಟ್ಟಿ ಗಾಜು. ಫುಲ್ ಫ್ಯೂಸಿಗೆ 830ರ ಸುತ್ತಮುತ್ತ ಬೇಕು, ಅನೀಲಿಂಗ್ ಕೂಡ 550ರ ಹತ್ತಿರ. ಅಷ್ಟು ಬಿಸಿಯಲ್ಲಿ ವಾಶ್ ಅಂಟುವ ಸಂಭವ ಇನ್ನೂ ಹೆಚ್ಚು, ಹಾಗಾಗಿ ಅಲ್ಲಿ ಪೇಪರಿನ ಕಡೆಗೇ ನನ್ನ ಮತ. 90 ಸಿಒಇ ಗಾಜಿನ ಜೊತೆ ಅದನ್ನು ಬೆರೆಸುವ ಪ್ರಶ್ನೆಯೇ ಇಲ್ಲ, ತಣ್ಣಗಾಗುವಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಬಿರುಕು ಬಿಡುತ್ತದೆ.

ಉಳಿದದ್ದು ಅಚ್ಚುಗಳು. ಇಲ್ಲಿ ಸ್ಪರ್ಧೆಯೇ ಇಲ್ಲ, ಬಾಗಿದ ಮೇಲ್ಮೈಗೆ ಹಾಳೆ ಕೂರುವುದಿಲ್ಲ, ಸುಕ್ಕು ಬಿದ್ದರೆ ಸುಕ್ಕೂ ಗಾಜಿನಲ್ಲಿ ಮೂಡುತ್ತದೆ. ಸೆರಾಮಿಕ್ ಅಚ್ಚಿಗೆ ವಾಶ್ ಬಳಿದು ಒಣಗಿಸಿದರೆ ಸ್ಲಂಪಿಂಗ್‌ನ (ಗಾಜು ಮೆತ್ತಗಾಗಿ ಅಚ್ಚಿನ ಆಕಾರಕ್ಕೆ ಬಾಗುವುದರ) ಕಡಿಮೆ ಬಿಸಿಯಲ್ಲಿ ಅದು ಎಷ್ಟೋ ಸಲ ನಿಲ್ಲುತ್ತದೆ. ಗೀರು ಬಿದ್ದ ಕಡೆ ಮಾತ್ರ ತೇಪೆ ಹಚ್ಚಿದರೆ ಸಾಕು. ಅಚ್ಚಿನ ತಳದ ಗಾಳಿ ತೂತು ವಾಶಿನಿಂದ ಮುಚ್ಚಿಹೋಗಿರುತ್ತದೆ, ಸೂಜಿಯಿಂದ ಬಿಡಿಸಿಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್ ಅಚ್ಚು ನೀರು ಹೀರದ ಕಾರಣ ತಣ್ಣಗಿದ್ದಾಗ ವಾಶ್ ಹಿಡಿಯುವುದೇ ಇಲ್ಲ, ಜಾರಿ ಹನಿ ಹನಿಯಾಗುತ್ತದೆ. ಅದನ್ನು ಕಿಲ್ನಿನಲ್ಲಿ 200 ಡಿಗ್ರಿ ದಾಟಿಸಿ, ದಪ್ಪ ಕೈಗವಸು ಹಾಕಿಕೊಂಡು ಹೊರತೆಗೆದು, ಬಿಸಿಯಿರುವಾಗಲೇ ತೆಳ್ಳಗೆ ಸ್ಪ್ರೇ ಮಾಡಬೇಕು. ತಾಗಿದ ಕ್ಷಣವೇ ಚುರ್ ಅಂತ ಒಣಗಿ ಕಚ್ಚಿಕೊಳ್ಳುತ್ತದೆ. ತಣ್ಣಗಾದರೆ ಮತ್ತೆ ಕಾಯಿಸಿ ಇನ್ನೊಂದು ಕೋಟು. ಈ ತಾಪತ್ರಯ ಬೇಡ ಎನ್ನುವವರಿಗೆ ಬೋರಾನ್ ನೈಟ್ರೈಡ್ ಸ್ಪ್ರೇ ಇದೆ, ಸ್ಟೀಲಿಗೆ ಅದು ನಿಜಕ್ಕೂ ಚೆನ್ನ, ಗಾಜಿನ ಬೆನ್ನೂ ನುಣ್ಣಗೆ ಬರುತ್ತದೆ. ದುಬಾರಿ ಅನ್ನುವುದು ಒಂದೇ ದೂರು; ಶೆಲ್ಫಿಗೆಲ್ಲ ಅದನ್ನು ಸುರಿಯಲು ನನಗಂತೂ ಮನಸ್ಸು ಬರುವುದಿಲ್ಲ.